ಅಗ್ಗದ ಟ್ಯಾಬ್‌ನಲ್ಲಿ ಸುತ್ತಲಿನ ಹಡಗುಗಳನ್ನು ನೋಡಬಹುದೇ?

ಓದುಗರೊಬ್ಬರ ಪ್ರಶ್ನೆ: "ನನ್ನ ಹತ್ತಿರ 8 ಮೀಟರ್ ಉದ್ದದ ಹಾಯಿದೋಣಿ ಇದೆ. ದಡದಿಂದ ಹತ್ತು ಹದಿನೈದು ಮೈಲಿ ಆಚೆಗೆ ಹೋಗಿ ಬರುತ್ತೇವೆ, ಕೆಲವು ಸಲ ರಾತ್ರಿಯೂ ಆಗುತ್ತದೆ. ದಾರಿಯಲ್ಲಿ ದೊಡ್ಡ ಸರಕು ಹಡಗುಗಳ ಓಡಾಟ ಜಾಸ್ತಿ. ಅವನ್ನು ಚಾರ್ಟ್ (ಸಮುದ್ರದ ನಕ್ಷೆ) ಮೇಲೆ ನೋಡೋಣ ಅಂತ ಕಡಿಮೆ ಬೆಲೆಯ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ ಕೊಂಡೆ. ಸಿಮ್ ಇಲ್ಲ, ವೈಫೈ ಮಾತ್ರ. ಹಡಗು ತೋರಿಸುವ ಒಂದು ಉಚಿತ ಆ್ಯಪ್ ಹಾಕಿ, ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಬಂದರಿನಲ್ಲಿ ಚೆನ್ನಾಗಿಯೇ ತೋರಿಸಿತು. ಹೋದ ತಿಂಗಳು ಹೊರಗೆ ಹೋದಾಗ ಮಾತ್ರ, ಟ್ಯಾಬ್‌ನಲ್ಲಿ ಎಡಕ್ಕೆ ಎರಡು ಮೈಲಿ ದೂರ ಕಾಣುತ್ತಿದ್ದ ಹಡಗು, ತಲೆ ಎತ್ತಿ ನೋಡಿದರೆ ಆಗಲೇ ನಮ್ಮ ಮುಂದೆ ದಾಟುತ್ತಿತ್ತು. ಆ ಟ್ಯಾಬ್ ನಂಬಬೇಡಿ ಅಂತಾಳೆ ನನ್ನ ಹೆಂಡತಿ. ಪ್ಲಾಟರ್ (ದೋಣಿಗೆಂದೇ ಮಾಡಿದ ಚಾರ್ಟ್ ಪರದೆ) ಕೊಳ್ಳದೆ ಗತಿಯಿಲ್ಲ ಅಂತಾರೆ ಸ್ನೇಹಿತರು. ಜಿಪಿಎಸ್ ಇರುವ ಟ್ಯಾಬ್ ತಗೊಳ್ಳಿ, ಸರಿಹೋಗುತ್ತೆ ಅಂದರು ಅಂಗಡಿಯವರು. ಯಾರ ಮಾತು ಕೇಳಲಿ?"

ಉತ್ತರ:

ನಿಮ್ಮ ಮನೆಯವರ ಮಾತು ಕೇಳಿ. ಆದರೆ ಟ್ಯಾಬ್ ಎಸೆಯಬೇಡಿ. ದೋಣಿಗಳಿಗೆ ರೇಡಿಯೊ, ಪ್ಲಾಟರ್ ಜೋಡಿಸುವ ಕೆಲಸವನ್ನೇ ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ. ನಿಮಗಾದ ಅನುಭವವನ್ನು ಬಹಳ ಜನ ಬಂದು ಹೇಳಿದ್ದಾರೆ. ಅಂದು ನಿಮಗೆ ಮೋಸ ಮಾಡಿದ್ದು ಆ ಪರದೆಗೆ ಸುದ್ದಿ ಬರುತ್ತಿದ್ದ ದಾರಿ. ಅದನ್ನು ಬದಲಾಯಿಸಿದರೆ ಇದೇ ಟ್ಯಾಬ್ ನಿಮಗೆ ಒಳ್ಳೆಯ ಕೆಲಸ ಕೊಡುತ್ತದೆ.

ದೊಡ್ಡ ಹಡಗುಗಳಲ್ಲಿ ಎಐಎಸ್ ಅನ್ನುವ ಪೆಟ್ಟಿಗೆ ಇರುತ್ತದೆ. "ನಾನು ಇಂಥವನು, ಇಲ್ಲಿದ್ದೇನೆ, ಈ ಕಡೆಗೆ, ಇಷ್ಟು ವೇಗದಲ್ಲಿ ಹೋಗುತ್ತಿದ್ದೇನೆ" ಅಂತ ಅದು ರೇಡಿಯೊದಲ್ಲಿ ಕೂಗುತ್ತಲೇ ಇರುತ್ತದೆ. ದೋಣಿ, ಹಡಗುಗಳು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊದ ಎರಡು ಚಾನೆಲ್‌ಗಳಲ್ಲಿ, 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಈ ಮಾತು ನಡೆಯುತ್ತದೆ. 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲಿ, ಇಲ್ಲಿ ಮೈಲಿ ಅಂದರೆ ಅದೇ) ವೇಗದಲ್ಲಿ ಸಾಗುವ ಸರಕು ಹಡಗು ಸುಮಾರು 6 ಸೆಕೆಂಡಿಗೊಮ್ಮೆ ತನ್ನ ಜಾಗ ಹೇಳುತ್ತದೆ. ಅಷ್ಟರಲ್ಲಿ ಅದು ಮುಂದೆ ಹೋಗುವುದು ಐವತ್ತು ಅರವತ್ತು ಮೀಟರ್. ಈ ಕೂಗನ್ನು ನಿಮ್ಮ ದೋಣಿಯಲ್ಲೇ ನೇರವಾಗಿ ಕೇಳಿಸಿಕೊಂಡರೆ, ಚಾರ್ಟ್ ಮೇಲಿನ ಗುರುತು ಹಡಗಿನ ಜೊತೆಜೊತೆಗೇ ಸಾಗುತ್ತದೆ.

ನೀವು ಹಾಕಿಕೊಂಡ ಆ್ಯಪ್ ಈ ಕೂಗನ್ನು ತಾನು ಕೇಳಿಸಿಕೊಳ್ಳುವುದಿಲ್ಲ. ದಡದ ಮೇಲೆ ಯಾರದೋ ಚಾವಣಿಯಲ್ಲಿರುವ ಆಂಟೆನಾ ಕೇಳಿಸಿಕೊಳ್ಳುತ್ತದೆ. ಅಲ್ಲಿಂದ ಅದು ಇಂಟರ್‌ನೆಟ್ ಮೂಲಕ ಎಲ್ಲೋ ಇರುವ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ನಿಮ್ಮ ಫೋನಿಗೆ, ಫೋನಿನಿಂದ ಟ್ಯಾಬ್‌ಗೆ ಬರುತ್ತದೆ. ಬಂದರಿನ ಹತ್ತಿರ ಇಂಥ ಆಂಟೆನಾಗಳು ತುಂಬ ಇರುತ್ತವೆ, ಮೊಬೈಲ್ ಸಿಗ್ನಲ್ ಕೂಡ ಚೆನ್ನಾಗಿರುತ್ತದೆ. ಅದಕ್ಕೇ ಅಲ್ಲಿ ಸರಿಯಾಗಿ ಕಂಡಿತು. ಹೊರಗೆ ಹೋದಂತೆ ಎರಡೂ ಸೊರಗುತ್ತವೆ. ಆಗ ಆ್ಯಪ್ ಸುಮ್ನೆ ಹಳೆಯ ಜಾಗವನ್ನೇ ತೋರಿಸುತ್ತಾ ಕೂರುತ್ತದೆ. 18 ನಾಟ್ ವೇಗದ ಹಡಗು ಎರಡು ಮೈಲಿ ದಾಟಲು ಏಳು ನಿಮಿಷವೂ ಬೇಡ. ನೀವು ಅಂದು ನೋಡಿದ್ದು ಏಳು ನಿಮಿಷ ಹಿಂದಿನ ಸಮುದ್ರ. ಇಂಥ ಆ್ಯಪ್‌ಗಳು ಮನೆಯಲ್ಲಿ ಕೂತು "ನಮ್ಮವರ ಹಡಗು ಎಲ್ಲಿಗೆ ಬಂತು" ಅಂತ ನೋಡಲು ಬಹಳ ಚೆನ್ನ. ಡಿಕ್ಕಿ ತಪ್ಪಿಸಿಕೊಳ್ಳಲು ಅವನ್ನು ನಂಬಲೇಬಾರದು.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಜಿಪಿಎಸ್ ಹೇಳುವುದು ನೀವು ಎಲ್ಲಿದ್ದೀರಿ ಅಂತ ಮಾತ್ರ. ಬೇರೆಯವರು ಎಲ್ಲಿದ್ದಾರೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ವೈಫೈ ಟ್ಯಾಬ್‌ಗಳಲ್ಲಿ ಜಿಪಿಎಸ್ ಚಿಪ್ ಇರುವುದೇ ಇಲ್ಲ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲೂ ಇರುವುದಿಲ್ಲ. ಅಕ್ಕಪಕ್ಕದ ವೈಫೈ ನೋಡಿ ಜಾಗ ಊಹಿಸುವ ಅವು ನೀರಿನ ಮೇಲೆ ಕೈಚೆಲ್ಲುತ್ತವೆ. ಹಾಗಂತ ಇನ್ನೊಂದು ಟ್ಯಾಬ್ ಕೊಳ್ಳಬೇಕಿಲ್ಲ. ಹಡಗುಗಳ ಕೂಗನ್ನು ಕೇಳಿಸಿಕೊಳ್ಳುವ ಎಷ್ಟೋ ಎಐಎಸ್ ರಿಸೀವರ್ ಪೆಟ್ಟಿಗೆಗಳು ಒಳಗೇ ಜಿಪಿಎಸ್ ಇಟ್ಟುಕೊಂಡು, ನಿಮ್ಮ ಜಾಗ ಮತ್ತು ಬೇರೆ ಹಡಗುಗಳ ಜಾಗ ಎರಡನ್ನೂ ಒಂದೇ ವೈಫೈನಲ್ಲಿ ಟ್ಯಾಬ್‌ಗೆ ಕಳಿಸುತ್ತವೆ. ಕೊಳ್ಳುವಾಗ ಅದೊಂದನ್ನು ಕೇಳಿ ನೋಡಿ.

ಅಂದರೆ ನಿಮಗೆ ಈಗ ಬೇಕಾದ್ದು ದೋಣಿಯಲ್ಲೇ ಕೂರುವ, ವೈಫೈ ಇರುವ ಒಂದು ಎಐಎಸ್ ರಿಸೀವರ್, ಅದಕ್ಕೊಂದು ಒಳ್ಳೆಯ ಆಂಟೆನಾ, ಮತ್ತು ಆ ಮಾಹಿತಿ ಓದಬಲ್ಲ ಚಾರ್ಟ್ ಆ್ಯಪ್. ಓಪನ್‌ಸಿಪಿಎನ್, ನ್ಯಾವಿಯಾನಿಕ್ಸ್‌ನಂಥ ಆ್ಯಪ್‌ಗಳು ಇದನ್ನು ಮಾಡುತ್ತವೆ. ಕಂಪ್ಯೂಟರಿಗೆ ಚುಚ್ಚುವ ಟಿವಿ ಡಾಂಗಲ್‌ನಿಂದಲೂ ಎಐಎಸ್ ಹಿಡಿಯಬಹುದು, ಹಿಡಿದವರಿದ್ದಾರೆ. ಕಲಿಯಲು ಅದು ಚೆನ್ನಾಗಿದೆ. ಆದರೆ ಅದು ಬಿಸಿಯಾಗುತ್ತದೆ, ಟ್ಯಾಬ್‌ನ ಚಾರ್ಜಿಂಗ್ ತೂತನ್ನೇ ಆಕ್ರಮಿಸುತ್ತದೆ, ದೋಣಿ ಕುಲುಕಿದಾಗ ಕಿತ್ತುಕೊಳ್ಳುತ್ತದೆ. ರಾತ್ರಿ ಹಡಗುಗಳ ನಡುವೆ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಹಣ ಹಾಕುವುದಾದರೆ ಆಂಟೆನಾಗೆ ಹಾಕಿ. ಈ ಮಾತನ್ನು ನನ್ನ ಹತ್ತಿರ ಬಂದವರಿಗೆಲ್ಲ ಹೇಳುತ್ತೇನೆ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ಕಣ್ಣಿನ ದೃಷ್ಟಿಯ ಹಾಗೆ ನೇರ ಹೋಗುತ್ತದೆ, ಭೂಮಿಯ ಬಾಗು ಅಡ್ಡ ಬಂದರೆ ಮುಗಿಯಿತು. ಹಾಗಾಗಿ ಎತ್ತರವೇ ಎಲ್ಲ. ನಿಮ್ಮ ಆಂಟೆನಾ ನೀರಿನಿಂದ 2 ಮೀಟರ್ ಮೇಲಿದ್ದು, ಹಡಗಿನದ್ದು 30 ಮೀಟರ್ ಮೇಲಿದ್ದರೆ ಸುಮಾರು 15 ನಾಟಿಕಲ್ ಮೈಲಿಯಿಂದ ಕೇಳಿಸುತ್ತದೆ. ನಿಮ್ಮದನ್ನು ಪಟಸ್ತಂಭದ ತುದಿಗೆ, 12 ಮೀಟರಿಗೆ ಏರಿಸಿದರೆ 20 ಮೈಲಿ ಹತ್ತಿರ. 15 ಮೈಲಿ ಅಂದರೂ ಕಡಿಮೆಯೇನಲ್ಲ. ನೀವು 5 ನಾಟ್, ಅದು 18 ನಾಟ್, ಎದುರುಬದುರು ಬಂದರೂ ನಿಮಗೆ ನಲವತ್ತು ನಿಮಿಷದ ಹತ್ತಿರ ಸಮಯ ಸಿಕ್ಕಿತು. ಆದರೆ ಎದುರಿಗಿರುವುದು ನಿಮ್ಮಂಥದೇ ಸಣ್ಣ ದೋಣಿ, ಎರಡೂ ಆಂಟೆನಾ 2 ಮೀಟರಿನಲ್ಲಿ ಅಂದರೆ, ಆರು ಮೈಲಿಗೆ ಮಾತು ಮುಗಿಯುತ್ತದೆ.

ಇಲ್ಲೊಂದು ಎಚ್ಚರಿಕೆ. "ವಿಎಚ್‌ಎಫ್ ರೇಡಿಯೊಗೆ ಹೇಗೂ ಆಂಟೆನಾ ಇದೆಯಲ್ಲ, ಅದರಿಂದಲೇ ಒಂದು ಕವಲು ತೆಗೆದರಾಯಿತು" ಅಂತ ಟಿವಿ ಕೇಬಲಿನ ಸಾದಾ ಸ್ಪ್ಲಿಟರ್ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ದೋಣಿಯ ರೇಡಿಯೊ ಮಾತಾಡುವಾಗ 25 ವ್ಯಾಟ್ ಹೊರಗೆ ತಳ್ಳುತ್ತದೆ. ಪಿಸುಮಾತು ಕೇಳಲು ಮಾಡಿದ ರಿಸೀವರಿನ ಕಿವಿಗೆ ಅದು ನೇರವಾಗಿ ನುಗ್ಗುತ್ತದೆ. ಗುಂಡಿ ಒಂದೇ ಒಂದು ಸಲ ಒತ್ತಿದ್ದಕ್ಕೆ ಕಿವುಡಾದ ರಿಸೀವರ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಹೊರಗಿನಿಂದ ಏನೂ ಆಗಿರುವುದಿಲ್ಲ, ದೀಪ ಉರಿಯುತ್ತಲೇ ಇರುತ್ತದೆ, ಹಡಗು ಮಾತ್ರ ಕಾಣುವುದಿಲ್ಲ. ಎಐಎಸ್‌ಗೆಂದೇ ಮಾಡಿದ, ಮಾತಾಡುವಾಗ ತಾನೇ ರಿಸೀವರನ್ನು ಬೇರ್ಪಡಿಸುವ ಸ್ಪ್ಲಿಟರ್ ಸಿಗುತ್ತದೆ. ಅದು ಬೇಡ ಅನಿಸಿದರೆ ಹಿಂಬದಿಯ ಕಟಕಟೆಗೆ ಬೇರೆಯೇ ಒಂದು ಆಂಟೆನಾ ಕಟ್ಟಿ. ಎತ್ತರ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಪಟಸ್ತಂಭ ಮುರಿದ ದಿನ ರೇಡಿಯೊಗೆ ಅದೇ ಬದಲಿ ಆಂಟೆನಾ ಆಗುತ್ತದೆ. ನಿಮ್ಮ ದೋಣಿಗೆ ನನ್ನ ಮತ ಇದಕ್ಕೇ.

ಇನ್ನು ಟ್ಯಾಬ್‌ನ ರಗಳೆಗಳು. ಹೆಚ್ಚು ಜನ ಸೋಲುವುದು ಇಲ್ಲಿ.

ರಿಸೀವರಿನ ವೈಫೈಗೆ ಇಂಟರ್‌ನೆಟ್ ಇರುವುದಿಲ್ಲ. ಆಂಡ್ರಾಯ್ಡ್‌ಗೆ ಇದು ಇಷ್ಟವಾಗುವುದಿಲ್ಲ. "ಈ ನೆಟ್‌ವರ್ಕ್‌ನಲ್ಲಿ ಇಂಟರ್‌ನೆಟ್ ಇಲ್ಲ" ಅಂತ ಒಂದು ಸಾಲು ಬಂದು ಹೋಗುತ್ತದೆ. ನೀವು ಗಮನಿಸದಿದ್ದರೆ ಅದು ಸದ್ದಿಲ್ಲದೆ ಬಿಟ್ಟು, ಗೊತ್ತಿರುವ ಇನ್ನೊಂದು ವೈಫೈಗೆ, ನಿಮ್ಮಲ್ಲಾದರೆ ಫೋನಿನ ಹಾಟ್‌ಸ್ಪಾಟ್‌ಗೆ, ಹಾರಿಬಿಡುತ್ತದೆ. ಪರದೆಯ ಮೇಲೆ ಹಡಗುಗಳು ಇದ್ದಲ್ಲೇ ಇರುತ್ತವೆ, ಆಮೇಲೆ ಒಂದೊಂದಾಗಿ ಮಾಯವಾಗುತ್ತವೆ. ನೀವು ರಿಸೀವರ್ ಕೆಟ್ಟಿತು ಅಂದುಕೊಳ್ಳುತ್ತೀರಿ. ಹಾಗಾಗಿ ಆ ಸಾಲು ಬಂದಾಗ "ಸಂಪರ್ಕದಲ್ಲೇ ಇರು, ಯಾವಾಗಲೂ" ಅನ್ನುವ ಆಯ್ಕೆ ಒತ್ತಿ. ಹೊರಡುವ ಮುಂಚೆ ಟ್ಯಾಬ್‌ಗೆ ಹಾಟ್‌ಸ್ಪಾಟ್ ಮರೆಸಿಬಿಡಿ. ಚಾರ್ಟ್‌ಗಳನ್ನು ಮನೆಯಲ್ಲೇ ಇಳಿಸಿಕೊಂಡಿರಿ, ನಡುನೀರಿನಲ್ಲಿ ಇಳಿಸಿಕೊಳ್ಳಲು ಇಂಟರ್‌ನೆಟ್ ಇರುವುದಿಲ್ಲ.

ಎರಡನೆಯದು ಬ್ಯಾಟರಿ ಉಳಿಸುವ ಹುಚ್ಚು. ಪರದೆ ಆರಿದ ಕೂಡಲೇ ಅಗ್ಗದ ಟ್ಯಾಬ್‌ಗಳು ಒಳಗಿನ ಆ್ಯಪ್‌ಗಳ ಕತ್ತು ಹಿಸುಕುತ್ತವೆ. ನೀವು ಹಡಗು ಹತ್ತಿರ ಬಂದರೆ ಹೊಡೆಯುವ ಎಚ್ಚರಿಕೆಯ ಗಂಟೆ ಇಟ್ಟಿದ್ದೇನೆ ಅಂತ ನೆಮ್ಮದಿಯಾಗಿರುತ್ತೀರಿ, ಗಂಟೆ ಹೊಡೆಯಬೇಕಾದ ಆ್ಯಪ್ ನಿದ್ದೆ ಹೋಗಿರುತ್ತದೆ. ಸೆಟ್ಟಿಂಗ್‌ನಲ್ಲಿ ಚಾರ್ಟ್ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ, ಪರದೆ ಆರದಂತೆ ಇಡಿ. ಆಮೇಲೆ ಬಂದರಿನಲ್ಲೇ ಕೂತು ಒಮ್ಮೆ ಗಂಟೆ ಹೊಡೆಸಿ ನೋಡಿ.

ಏನೂ ಕಾಣದಿದ್ದಾಗ ದೋಷ ಎಲ್ಲಿದೆ ಅಂತ ಹುಡುಕಲು ಸುಲಭ ದಾರಿ ಇದೆ. ಒಳಗೆ ಬರುತ್ತಿರುವ ಕಚ್ಚಾ ಸಾಲುಗಳನ್ನು ತೋರಿಸುವ ಕಿಟಕಿ ಎಷ್ಟೋ ಆ್ಯಪ್‌ಗಳಲ್ಲಿ ಇರುತ್ತದೆ. ಅಲ್ಲಿ 'ಎಐವಿಡಿಎಂ' ಅಂತ ಶುರುವಾಗುವ ಸಾಲುಗಳು ಓಡುತ್ತಿದ್ದರೆ ರಿಸೀವರ್, ಆಂಟೆನಾ ಸರಿಯಿವೆ, ಆ್ಯಪ್‌ನ ಸೆಟ್ಟಿಂಗ್ ನೋಡಿ. ಜಿಪಿಎಸ್ ಸಾಲು ಬಂದು ಎಐವಿಡಿಎಂ ಬರದಿದ್ದರೆ ಆಂಟೆನಾ ಕಡೆ ನೋಡಿ. ಯಾವ ಸಾಲೂ ಇಲ್ಲದಿದ್ದರೆ ವೈಫೈ ತಪ್ಪಿದೆ, ಅಥವಾ ಪೋರ್ಟ್ ಸಂಖ್ಯೆ (ಮಾಹಿತಿ ಒಳಬರುವ ಬಾಗಿಲಿನ ಸಂಖ್ಯೆ) ಹೊಂದಿಲ್ಲ. ರಿಸೀವರಿನ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಆ್ಯಪ್‌ನಲ್ಲೂ ಹಾಕಬೇಕು. ಟ್ಯಾಬ್ ಜೊತೆಗೆ ಫೋನಿನಲ್ಲೂ ನೋಡಬೇಕೆಂದರೆ ಟಿಸಿಪಿ ಬದಲು ಯುಡಿಪಿ ಆಯ್ಕೆ ಮಾಡಿ, ಇವು ಮಾಹಿತಿ ಕಳಿಸುವ ಎರಡು ವಿಧಾನ. ಕೆಲವು ರಿಸೀವರ್‌ಗಳು ಟಿಸಿಪಿಯಲ್ಲಿ ಒಬ್ಬರಿಗೆ ಮಾತ್ರ ಬಾಗಿಲು ತೆರೆಯುತ್ತವೆ.

ಮೂರನೆಯದನ್ನು ಯಾರೂ ಊಹಿಸುವುದಿಲ್ಲ. ಒಬ್ಬರು ಎಲ್ಲ ಸರಿಯಾಗಿ ಜೋಡಿಸಿದ್ದರು. ಆಂಟೆನಾ ಹೊಸದು, ಕೇಬಲ್ ಒಳ್ಳೆಯದು. ಆದರೂ ಬಂದರಿನ ಬಾಯಲ್ಲಿ ನಿಂತಾಗ ಕಣ್ಣಿಗೆ ಎಂಟು ಹಡಗು ಕಾಣುತ್ತಿದ್ದರೆ ಟ್ಯಾಬ್‌ನಲ್ಲಿ ಎರಡೇ. ಅವರ ರೇಡಿಯೊವನ್ನು ಯಾರೂ ಮಾತಾಡದ ಚಾನೆಲ್‌ಗೆ ಹಾಕಿದೆ. ಸ್ಕ್ವೆಲ್ಚ್ ಗುಂಡಿಯನ್ನು ಬುಸುಗುಟ್ಟುವ ಸದ್ದು ಆಗಷ್ಟೇ ನಿಲ್ಲುವವರೆಗೆ ತಿರುಗಿಸಿ ಬಿಟ್ಟೆ. ಮೌನ. ಟ್ಯಾಬ್‌ನ ಚಾರ್ಜರನ್ನು ಸಾಕೆಟ್‌ಗೆ ಸಿಕ್ಕಿಸಿದೆ, ಬುಸ್ ಅಂತ ಸದ್ದು ತುಂಬಿಕೊಂಡಿತು. ಕಿತ್ತೆ, ಮತ್ತೆ ಮೌನ. 12 ವೋಲ್ಟನ್ನು 5 ವೋಲ್ಟ್ ಮಾಡುವ ಆ ಸಣ್ಣ ಕಾರ್ ಚಾರ್ಜರ್ ಸುತ್ತಲೂ ರೇಡಿಯೊ ಗದ್ದಲ ಚೆಲ್ಲುತ್ತಿತ್ತು. ಹತ್ತಿರದ ಹಡಗುಗಳ ದೊಡ್ಡ ಕೂಗು ಮಾತ್ರ ಆ ಗದ್ದಲದ ಮೇಲೆ ಕೇಳುತ್ತಿತ್ತು, ದೂರದವು ಮುಳುಗಿಹೋಗಿದ್ದವು. ಚಾರ್ಜರ್ ಬದಲಾಯಿಸಿದೆವು. ಅಷ್ಟೇ, ಅರ್ಧ ಗಂಟೆಯಲ್ಲಿ ಪರದೆ ತುಂಬಿತು. ಈ ಪರೀಕ್ಷೆ ನೀವೂ ಮಾಡಿ, ಎರಡು ನಿಮಿಷದ ಕೆಲಸ. ಅಗ್ಗದ ಎಲ್‌ಇಡಿ ದೀಪಗಳೂ ಇದೇ ಕಿತಾಪತಿ ಮಾಡುತ್ತವೆ, ಅವನ್ನೂ ಒಂದೊಂದಾಗಿ ಹಾಕಿ ಆರಿಸಿ ನೋಡಿ.

ಬಿಸಿಲು, ನೀರು, ಬಿಸಿ ಇವುಗಳ ಬಗ್ಗೆ ನಿಮಗೇ ಗೊತ್ತಾಗಿರುತ್ತದೆ. ಅಗ್ಗದ ಪರದೆ ನಡುಹಗಲಿನ ಬಿಸಿಲಲ್ಲಿ ಕನ್ನಡಿಯಾಗುತ್ತದೆ. ಹೊಳಪು ಪೂರ್ತಿ ಏರಿಸಿದರೆ ಬಿಸಿಯಾಗಿ ತಾನೇ ಮಂಕಾಗುತ್ತದೆ, ಇಲ್ಲವೇ ಆರಿಹೋಗುತ್ತದೆ. ನೀರಿನ ಹನಿ ಬಿದ್ದರೆ ಅದನ್ನೇ ಬೆರಳು ಅಂದುಕೊಂಡು ಚಾರ್ಟ್ ಎಲ್ಲೆಲ್ಲೋ ಓಡುತ್ತದೆ. ಹಾಯಿದೋಣಿಯಲ್ಲಿ ಇಳಿಮೆಟ್ಟಿಲ ಮೇಲ್ಗಡೆ, ನೆರಳಿನಲ್ಲಿ, ಚುಕ್ಕಾಣಿಯಿಂದ ಕಾಣುವಂತೆ ಗಟ್ಟಿ ಹಿಡಿಕೆ ಹಾಕಿ ಕೂರಿಸಿದರೆ ಮುಕ್ಕಾಲು ತೊಂದರೆ ಹೋಗುತ್ತದೆ. ರಾತ್ರಿಗೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಮೇಲೆ ಅಂಟಿಸಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬೆಳ್ಳನೆಯ ಪರದೆ ಒಂದು ನೋಟದಲ್ಲಿ ಅದನ್ನು ಹಾಳು ಮಾಡುತ್ತದೆ. ಅಯಸ್ಕಾಂತ ಇರುವ ಮಡಚು ಕವರ್ ಇದ್ದರೆ ಅದನ್ನು ದಡದಲ್ಲೇ ಬಿಡಿ. ದಿಕ್ಸೂಚಿಯ ಪಕ್ಕ ಒಮ್ಮೆ ಟ್ಯಾಬ್ ತಂದು ನೋಡಿ, ಮುಳ್ಳು ಹೇಗೆ ತಿರುಗುತ್ತದೆ ಅಂತ.

ಚಾರ್ಟ್ ಬಗ್ಗೆಯೂ ಒಂದು ಮಾತು. ಸಣ್ಣ ಪರದೆಯಲ್ಲಿ ದೂರದ ಹಡಗು ಕಾಣಲಿ ಅಂತ ಚಾರ್ಟನ್ನು ಕುಗ್ಗಿಸಿಕೊಂಡೇ ಇರುತ್ತೇವೆ, ಅಲ್ವಾ? ಹಾಗೆ ಕುಗ್ಗಿಸಿದಾಗ ವೆಕ್ಟರ್ ಚಾರ್ಟ್ (ಹಿಗ್ಗಿಸಿದಷ್ಟೂ ಹೆಚ್ಚು ವಿವರ ತೋರಿಸುವ ಡಿಜಿಟಲ್ ಚಾರ್ಟ್) ಸಣ್ಣ ಬಂಡೆ, ದಿಬ್ಬಗಳನ್ನು ಮರೆಮಾಡುತ್ತದೆ. 2014ರ ನವೆಂಬರ್‌ನಲ್ಲಿ ಭೂಮಿ ಸುತ್ತುವ ಹಾಯಿದೋಣಿ ಸ್ಪರ್ಧೆ ವೋಲ್ವೊ ಓಷನ್ ರೇಸ್‌ನಲ್ಲಿದ್ದ ವೆಸ್ಟಾಸ್ ವಿಂಡ್ ಅನ್ನುವ ಹಾಯಿದೋಣಿ ಹಿಂದೂ ಮಹಾಸಾಗರದ ಕಾರ್ಗಾಡೊಸ್ ಕರಾಜೊಸ್ ದಿಬ್ಬಕ್ಕೆ ರಾತ್ರಿ ಅಪ್ಪಳಿಸಿತು. ಅದರಲ್ಲಿದ್ದವರು ಅನುಭವಿಗಳು, ಉಪಕರಣಗಳೂ ಒಳ್ಳೆಯವೇ. ಆದರೆ ಕುಗ್ಗಿಸಿದ ಚಾರ್ಟ್‌ನಲ್ಲಿ ಆ ದಿಬ್ಬದ ಅಪಾಯ ಸರಿಯಾಗಿ ಕಂಡಿರಲಿಲ್ಲ. ಪುಣ್ಯಕ್ಕೆ ಎಲ್ಲರೂ ಬದುಕಿದರು. ಹೋಗುವ ದಾರಿಯನ್ನು ಮೊದಲೇ ಪೂರ್ತಿ ಹಿಗ್ಗಿಸಿ, ಉದ್ದಕ್ಕೂ ಬೆರಳಾಡಿಸಿ ನೋಡಿಕೊಳ್ಳಿ.

ಎಚ್ಚರಿಕೆಯ ಗಂಟೆಯನ್ನು ಎಷ್ಟು ದೂರಕ್ಕೆ, ಎಷ್ಟು ಹೊತ್ತಿಗೆ ಇಡಬೇಕು ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆ್ಯಪ್ ಪ್ರತಿ ಹಡಗಿಗೂ ಎರಡು ಲೆಕ್ಕ ಹಾಕುತ್ತದೆ. ಸಿಪಿಎ ಅಂದರೆ ಹೀಗೇ ಹೋದರೆ ನಿಮ್ಮಿಬ್ಬರ ನಡುವಿನ ಕನಿಷ್ಠ ದೂರ. ಟಿಸಿಪಿಎ ಅಂದರೆ ಅದಕ್ಕೆ ಇನ್ನೆಷ್ಟು ಹೊತ್ತಿದೆ. ತೆರೆದ ನೀರಿನಲ್ಲಿ ಒಂದು ಮೈಲಿ, ಇಪ್ಪತ್ತು ನಿಮಿಷ ಅಂತ ಶುರುಮಾಡಿ, ಆಮೇಲೆ ನಿಮಗೆ ಸರಿಕಂಡಂತೆ ಹೊಂದಿಸಿ. ನಿಧಾನವಾಗಿ, ಅಲೆಯಲ್ಲಿ ಹೊಯ್ದಾಡುತ್ತ ಹೋಗುವಾಗ ಜಿಪಿಎಸ್ ಹೇಳುವ ನಿಮ್ಮ ದಿಕ್ಕೇ ಕುಣಿಯುತ್ತಿರುತ್ತದೆ. ಆಗ ಸಿಪಿಎ ಕೂಡ ಅರ್ಧ ಮೈಲಿ, ಎರಡು ಮೈಲಿ, ಮತ್ತೆ ಅರ್ಧ ಅಂತ ಕುಣಿಯುತ್ತದೆ. ಒಂದು ಅಂಕಿ ನೋಡಿ ಗಾಬರಿಯಾಗಬೇಡಿ, ಒಂದು ಅಂಕಿ ನೋಡಿ ನಿರಾಳವೂ ಆಗಬೇಡಿ. ಒಂದೆರಡು ನಿಮಿಷ ನೋಡುತ್ತಲೇ ಇರಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಪರದೆ ಖಾಲಿ ಇದೆ ಅಂದರೆ ಸಮುದ್ರ ಖಾಲಿ ಇದೆ ಅಂತ ಅಲ್ಲ. ನನಗೆ ಹೆಚ್ಚು ಚಿಂತೆಯಾಗುವುದು ಇದೇ. ಅಂತಾರಾಷ್ಟ್ರೀಯ ನಿಯಮದಲ್ಲಿ ಎಐಎಸ್ ಕಡ್ಡಾಯ ಇರುವುದು ಬೇರೆ ದೇಶಗಳಿಗೆ ಹೋಗುವ 300 ಟನ್ನೇಜ್ (ಹಡಗಿನ ಗಾತ್ರದ ಅಳತೆ) ಮೇಲ್ಪಟ್ಟ ಹಡಗುಗಳಿಗೆ, ದೇಶದೊಳಗೇ ಓಡುವ 500 ಮೇಲ್ಪಟ್ಟ ಸರಕು ಹಡಗುಗಳಿಗೆ, ಮತ್ತು ಪ್ರಯಾಣಿಕ ಹಡಗುಗಳಿಗೆ. ಸಣ್ಣ ಮೀನುಗಾರಿಕೆ ದೋಣಿ, ನಿಮ್ಮಂಥ ಹಾಯಿದೋಣಿ, ತೇಲುವ ಮರದ ದಿಮ್ಮಿ, ಇವುಗಳಲ್ಲಿ ಹೆಚ್ಚಿನವು ಕೂಗುವುದಿಲ್ಲ. ಯುದ್ಧನೌಕೆಗಳು ಬೇಕೆಂದೇ ಸುಮ್ಮನಿರಬಹುದು. ಕೂಗುವವರೂ ತಪ್ಪು ಹೇಳಬಹುದು. ಲಂಗರು ಎತ್ತಿ ಹತ್ತು ಮೈಲಿ ಬಂದ ಮೇಲೂ "ಲಂಗರು ಹಾಕಿದ್ದೇನೆ" ಅಂತಲೇ ಹೇಳುತ್ತಿರುವ ಹಡಗುಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಸ್ಥಿತಿಯನ್ನು ಸಿಬ್ಬಂದಿ ಕೈಯಿಂದ ಬದಲಾಯಿಸಬೇಕು, ಮರೆಯುತ್ತಾರೆ. ಜಿಪಿಎಸ್ಸೇ ಕೈಕೊಟ್ಟರೆ ಎಲ್ಲವೂ ಒಟ್ಟಿಗೆ ತಪ್ಪುತ್ತವೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಕನಿಷ್ಠ ಇಪ್ಪತ್ತು ಹಡಗುಗಳ ಉಪಕರಣ, ಅವು ದಡದ ಮೇಲಿನ ವಿಮಾನ ನಿಲ್ದಾಣದಲ್ಲಿವೆ ಅಂತ ತೋರಿಸಿತ್ತು.

ಡಿಕ್ಕಿ ತಡೆಯುವ 1972ರ ಅಂತಾರಾಷ್ಟ್ರೀಯ ನಿಯಮಗಳಲ್ಲಿ 5ನೆಯದು ಕಣ್ಣು, ಕಿವಿ ಮತ್ತು ಸಿಗುವ ಎಲ್ಲ ಸಾಧನಗಳಿಂದ ಸದಾ ಕಾವಲಿರಬೇಕು ಅನ್ನುತ್ತದೆ. 7ನೆಯದು ಅರೆಬರೆ ಮಾಹಿತಿಯಿಂದ ತೀರ್ಮಾನಕ್ಕೆ ಬರಬೇಡಿ ಅನ್ನುತ್ತದೆ. ನಿಮ್ಮ ಉಚಿತ ಆ್ಯಪ್ ಕೊಡುತ್ತಿದ್ದದ್ದು ಅಂಥ ಅರೆಬರೆ ಮಾಹಿತಿಯನ್ನೇ.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ರಿಸೀವರ್ ಇದ್ದರೆ ನೀವು ಅವರನ್ನು ನೋಡುತ್ತೀರಿ, ಅವರು ನಿಮ್ಮನ್ನು ನೋಡುವುದಿಲ್ಲ. "ನನ್ನ ಆ್ಯಪ್ ನನ್ನ ಜಾಗವನ್ನೂ ಕಳಿಸುತ್ತದಲ್ಲ" ಅನ್ನುವವರು ಸಿಗುತ್ತಾರೆ. ಅದು ಇಂಟರ್‌ನೆಟ್‌ಗೆ ಹೋಗುತ್ತದೆ. ಹಡಗಿನ ಎಐಎಸ್ ಕೇಳುವುದು ರೇಡಿಯೊವನ್ನು ಮಾತ್ರ, ಆ ಪರದೆಯಲ್ಲಿ ನೀವು ಇಲ್ಲವೇ ಇಲ್ಲ. ಕಾಣಿಸಿಕೊಳ್ಳಬೇಕೆಂದರೆ ಬಿ ದರ್ಜೆಯ ಟ್ರಾನ್ಸ್‌ಪಾಂಡರ್, ಅಂದರೆ ಸಣ್ಣ ದೋಣಿಗಳಿಗೆಂದು ಮಾಡಿದ, ತಾನೂ ಕೂಗುವ ಎಐಎಸ್ ಪೆಟ್ಟಿಗೆ ಹಾಕಬೇಕು. ಅದಕ್ಕೆ ಎಂಎಂಎಸ್‌ಐ ಅನ್ನುವ 9 ಅಂಕಿಯ ಗುರುತು ಸಂಖ್ಯೆ ಬೇಕು, ನಿಮ್ಮ ದೇಶದ ರೇಡಿಯೊ ಪರವಾನಗಿಯ ನಿಯಮ ನೋಡಬೇಕು. ಬೆಲೆಯೂ ರಿಸೀವರಿಗಿಂತ ಸಾಕಷ್ಟು ಜಾಸ್ತಿ. ಸಾಮಾನ್ಯ ಬಿ ದರ್ಜೆಯದು 2 ವ್ಯಾಟ್‌ನಲ್ಲಿ, 30 ಸೆಕೆಂಡಿಗೊಮ್ಮೆ ಮಾತಾಡುತ್ತದೆ. ದೊಡ್ಡ ಹಡಗಿನದ್ದು 12.5 ವ್ಯಾಟ್. ದೋಣಿಗಳ ಓಡಾಟ ಜಾಸ್ತಿ ಇರುವ ಕಡೆ ಬಿ ದರ್ಜೆಯ ಗುರುತುಗಳನ್ನು ಪರದೆಯಿಂದ ಮರೆಮಾಡುವ ಸೌಲಭ್ಯವೂ ಕೆಲವು ಹಡಗುಗಳಲ್ಲಿದೆ. ಆದರೂ ನೀವು ರಾತ್ರಿ ಹಡಗು ದಾರಿ ದಾಟುವವರು. ನನ್ನ ತಮ್ಮನೇ ಕೇಳಿದ್ದರೂ, ಸ್ವಲ್ಪ ಕಾದು ಹಣ ಕೂಡಿಸಿ ಟ್ರಾನ್ಸ್‌ಪಾಂಡರನ್ನೇ ಹಾಕು ಅನ್ನುತ್ತಿದ್ದೆ. ಅದು ಕೇಳಿಸಿಕೊಳ್ಳುವ ಕೆಲಸವನ್ನೂ ಮಾಡುತ್ತದೆ. ವೈಫೈ ಇರುವುದನ್ನು ಕೊಂಡರೆ ಅದರ ಮಾಹಿತಿ ನಿಮ್ಮ ಈ ಟ್ಯಾಬ್‌ಗೇ ಬರುತ್ತದೆ.

ಸ್ನೇಹಿತರು ಹೇಳಿದ ಪ್ಲಾಟರ್? ಮಳೆ, ಬಿಸಿಲು, ಉಪ್ಪುನೀರಿಗೆ ಅದು ಗಟ್ಟಿ, ಪರದೆ ಬಿಸಿಲಲ್ಲೂ ಕಾಣುತ್ತದೆ, ನಡುವೆ ಅಪ್‌ಡೇಟ್ ಕೇಳುವುದಿಲ್ಲ. ಆದರೆ ರಿಸೀವರ್ ಇಲ್ಲದಿದ್ದರೆ ಪ್ಲಾಟರ್ ಕೂಡ ಹಡಗು ತೋರಿಸುವುದಿಲ್ಲ. ಅದಕ್ಕೇ ಮೊದಲು ರಿಸೀವರ್ ಅಥವಾ ಟ್ರಾನ್ಸ್‌ಪಾಂಡರ್, ಆಂಟೆನಾ, ಒಳ್ಳೆಯ ಚಾರ್ಜರ್. ಪ್ಲಾಟರ್ ಮುಂದೆ ಯಾವತ್ತಾದರೂ ಕೊಂಡರೆ ಇವೇ ಅದಕ್ಕೂ ಆಗುತ್ತವೆ. ಅಲ್ಲಿವರೆಗೆ ಟ್ಯಾಬ್ ಸಾಕು. ಕಾಗದದ ಚಾರ್ಟ್ ಒಂದು ದೋಣಿಯಲ್ಲಿರಲಿ, ಚಾರ್ಟ್ ತುಂಬಿದ ಫೋನ್ ಒಣ ಚೀಲದಲ್ಲಿರಲಿ.

ಜೋಡಿಸಿದ ಮೇಲೆ ಮೊದಲ ನಾಲ್ಕಾರು ಸಲ ಹಗಲಿನಲ್ಲೇ ಹೋಗಿ. ಒಂದು ಹಡಗು ಆರಿಸಿಕೊಂಡು, ಮೊದಲು ಕಣ್ಣಿನಿಂದ ನೋಡಿ, ಕೈ ದಿಕ್ಸೂಚಿಯಲ್ಲಿ ಅದರ ದಿಕ್ಕು ಹಿಡಿದು ಬರೆದುಕೊಳ್ಳಿ. ಮೂರು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ. ದಿಕ್ಕು ಬದಲಾಗದೆ ಹಡಗು ಹತ್ತಿರವಾಗುತ್ತಿದ್ದರೆ ಅದು ನಿಮ್ಮ ಮೇಲೆಯೇ ಬರುತ್ತಿದೆ. ಆಮೇಲೆ ಟ್ಯಾಬ್ ಏನು ಹೇಳುತ್ತದೆ ನೋಡಿ. ಎರಡೂ ಹೊಂದುತ್ತವೆಯೇ, ಎಷ್ಟು ಮೈಲಿಯಿಂದ ಕಾಣಲು ಶುರುವಾಯಿತು, ಯಾವ ದೋಣಿ ಕಾಣಲೇ ಇಲ್ಲ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಮನೆಯವರ ಕೈಯಲ್ಲೇ ಆ ದಿಕ್ಸೂಚಿ ಕೊಡಿ. ಅವರು "ಈಗ ಸರಿಯಾಗಿ ತೋರಿಸುತ್ತಿದೆ" ಅಂದ ಮೇಲೆ ರಾತ್ರಿ ಪ್ರಯಾಣದ ಮಾತಾಡಿ.